ಪೂಜೆ ಮುಗಿದ ಸಂಜೆ ಕೋವಿಗೆ ಮಾಡಬೇಕಾದ್ದು

(ಮನೆತನದ ಕೋವಿಗಳ ಆರೈಕೆ ಕುರಿತು ಕೊಡಗಿನ ಹವ್ಯಾಸಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ)

ನಿಮ್ಮಲ್ಲಿ ಹೆಚ್ಚಿನವರ ಮನೆಯಲ್ಲಿ ಒಂದಾದರೂ ಕೋವಿ ಇದೆ. ಅದು ವರ್ಷಕ್ಕೆ ಎಷ್ಟು ಈಡು ಹೊಡೆಯುತ್ತದೆ ಅಂತ ಸುಮ್ಮನೆ ಲೆಕ್ಕ ಹಾಕಿ. ಸುಗ್ಗಿಯ ಹಬ್ಬ ಪುತ್ತರಿಗೆ ಕದಿರು ಕೊಯ್ಯುವಾಗ ಒಂದು, ಆಯುಧಪೂಜೆಯ ಹಬ್ಬ ಕೈಲ್ ಪೊಳ್ದ್ ಸಮಯದಲ್ಲಿ ತೆಂಗಿನಕಾಯಿಗೆ ನಾಲ್ಕೋ ಐದೋ, ಊರಿನ ಸ್ಪರ್ಧೆ ಇದ್ದರೆ ಇನ್ನೊಂದಿಷ್ಟು. ಇಷ್ಟು ಬಳಕೆಗೆ ಯಾವ ನಳಿಗೆಯೂ ಸವೆಯುವುದಿಲ್ಲ. ಆದರೂ ಅಜ್ಜನ ಕಾಲದ ಜೋಡು ನಳಿಗೆಯನ್ನು ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದರೆ ಒಳಗೆ ಸಿಡುಬಿನ ಕಲೆಯ ಹಾಗೆ ಗುಳಿ ಗುಳಿ. ಅದು ಚೆರೆ, ಅಂದರೆ ತೋಟಾದೊಳಗಿನ ಸಣ್ಣ ಗುಂಡುಗಳು, ಮಾಡಿದ ಗಾಯ ಅಲ್ಲ, ನೀರು ಮಾಡಿದ್ದು. ಹಾಗಾಗಿ ಇವತ್ತು ನಾನು ಗುರಿಗಿಂತ ಹೆಚ್ಚಾಗಿ ನೀರಿನ ಬಗ್ಗೆ ಮಾತಾಡುತ್ತೇನೆ.

ನಮ್ಮ ವರ್ಷದ ಕ್ರಮವೇ ಹೇಗಿದೆ ನೋಡಿ. ನಾಟಿಯ ಕಾಲಕ್ಕೆ ಆಯುಧಗಳನ್ನು ಮನೆಯ ದೇವರ ಕೋಣೆ ಕನ್ನಿಕೊಂಬರೆಗೆ ಸೇರಿಸುವುದು, ನಾಟಿ ಮುಗಿದು ಸೆಪ್ಟೆಂಬರ್ 3ಕ್ಕೆ ಕೈಲ್ ಪೊಳ್ದ್ ಬಂದಾಗ ಹೊರಗೆ ತೆಗೆಯುವುದು. ಅಂದರೆ ಜೂನ್, ಜುಲೈ, ಆಗಸ್ಟ್. ಗೋಡೆಗೇ ಪಾಚಿ ಹತ್ತುವ ಮೂರು ತಿಂಗಳು ಕೋವಿ ಗಾಳಿಯಾಡದ ಕೋಣೆಯಲ್ಲಿ, ಯಾರೂ ಮುಟ್ಟದೆ ಇರುತ್ತದೆ. ಆಮೇಲೆ ಪೂಜೆಯ ದಿನ ಅದಕ್ಕೆ ಗಂಧ, ಕುಂಕುಮ, ಹೂವು. ಗಂಧ ಅಂದರೆ ನೀರಿನಲ್ಲಿ ತೇಯ್ದದ್ದು. ಮೇಲೆ ಒಣಗಿದ ಹಾಗೆ ಕಂಡರೂ ಆ ಪದರದ ಅಡಿಯಲ್ಲಿ ಕಬ್ಬಿಣ ತೇವದಲ್ಲೇ ಕೂತಿರುತ್ತದೆ. ನಳಿಗೆಯ ಬಾಯಿಗೆ ಸಿಕ್ಕಿಸಿದ ತೋಕ್ ಪೂ, ಅಂದರೆ ಅಗ್ನಿಶಿಖೆ ಹೂವಿನ ತೊಟ್ಟಿನಿಂದ ರಸ ಇಳಿಯುತ್ತದೆ. ಎರಡು ದಿನ ಹಾಗೇ ಬಿಟ್ಟರೆ ಗಂಧದ ಬೊಟ್ಟಿನ ಆಕಾರದಲ್ಲೇ ಕಪ್ಪು ಮೆರುಗು ಹೋಗಿ ಕಂದು ಬಣ್ಣದ ದುಂಡು ಕಲೆ ಮೂಡುತ್ತದೆ. ಎಷ್ಟೋ ಕೋವಿಗಳ ನಳಿಗೆಯ ಮೇಲೆ ಒಂದೇ ಅಳತೆಯ ಮೂರು ನಾಲ್ಕು ಕಲೆ ಸಾಲಾಗಿ ಇರುವುದನ್ನು ನೀವು ನೋಡಿರಬಹುದು. ವರ್ಷ ವರ್ಷ ಅದೇ ಜಾಗಕ್ಕೆ ಇಟ್ಟ ಬೊಟ್ಟು ಅದು.

ಪೂಜೆ ಬಿಡಿ ಅಂತ ಯಾರೂ ಹೇಳುವುದಿಲ್ಲ. ಬೊಟ್ಟನ್ನು ಮರದ ಹಿಡಿಗೆ ಇಡಿ, ಕಬ್ಬಿಣಕ್ಕೆ ಬೇಡ. ಹೂವು ಸಿಕ್ಕಿಸುವ ಮೊದಲು ನಳಿಗೆಯ ಬಾಯಿಗೆ, ಒಳಗೆ ಎರಡು ಬೆರಳಿನಷ್ಟು ಆಳಕ್ಕೆ, ತೆಳುವಾಗಿ ಎಣ್ಣೆ ಸವರಿ. ಅದೇ ಸಂಜೆ, ಊಟಕ್ಕೆ ಕೂರುವ ಮೊದಲು, ಹೂವು ತೆಗೆದು ಒದ್ದೆ ಬಟ್ಟೆಯಲ್ಲಿ ಒಮ್ಮೆ, ಒಣ ಬಟ್ಟೆಯಲ್ಲಿ ಎರಡು ಸಲ, ಎಣ್ಣೆ ಬಟ್ಟೆಯಲ್ಲಿ ಕೊನೆಗೆ ಒಮ್ಮೆ ಒರೆಸಿ. ಹೀಗೆ ಒರೆಸುವ ಮೊದಲೇ ಎಣ್ಣೆ ಬಟ್ಟೆ ಹಾಕಿದರೆ ಕುಂಕುಮದ ಪುಡಿ ಎಣ್ಣೆಯ ಜೊತೆ ಸೇರಿ ಸಂದುಗಳಿಗೆ ಇಳಿಯುತ್ತದೆ. ಇನ್ನೊಂದು ಮಾತು: ತೋಕ್ ಪೂ ನೋಡಲು ಬೆಂಕಿಯ ನಾಲಗೆಯಂತೆ ಚೆಂದ, ಆದರೆ ಆ ಗಿಡ, ಅದರಲ್ಲೂ ಅದರ ಗೆಡ್ಡೆ, ವಿಷ. ಮುಟ್ಟಿದ ಕೈ ತೊಳೆದು ಹಬ್ಬದ ಅಕ್ಕಿ ಉಂಡೆ ಕಡುಂಬಿಟ್ಟಿಗೆ ಕೈ ಹಾಕಿ. ಮಕ್ಕಳಿಗೂ ಹೇಳಿ.

ಈಗ ಶುಚಿ ಮಾಡುವ ಕ್ರಮ. ಎಲ್ಲಕ್ಕಿಂತ ಮೊದಲು ಕೋವಿ ಖಾಲಿಯೇ ಅಂತ ನೋಡುವುದು. ಜೋಡು ನಳಿಗೆಯಾದರೆ ಮಡಚಿ ಕಣ್ಣಿಂದ ನೋಡಿ, ಬೆರಳು ಹಾಕಿಯೂ ನೋಡಿ. ರೈಫಲ್ ಆದರೆ ಮ್ಯಾಗಜಿನ್ ತೆಗೆದು ಆಮೇಲೆ ಬೋಲ್ಟ್ ಹೊರಗೆಳೆಯಿರಿ. ತೋಟಾಗಳು ಆ ಕೋಣೆಯಲ್ಲೇ ಇರಬಾರದು. ಹೆಚ್ಚು ಅಪಾಯ ಇರುವುದು ಕೇಪಿನ ಕೋವಿಯಲ್ಲಿ, ಅಂದರೆ ಬಾಯಿಯಿಂದ ಮದ್ದು ತುಂಬಿ, ಕಿಡಿ ಹೊತ್ತಿಸುವ ಸಣ್ಣ ಕೇಪು ಇಟ್ಟು ಹೊಡೆಯುವ ಹಳೆಯ ಕೋವಿಯಲ್ಲಿ. ಅದನ್ನು ಮಡಚಿ ನೋಡುವ ಹಾಗಿಲ್ಲ. ಒಳಗೆ ಮದ್ದು, ಚೆರೆ ಇಪ್ಪತ್ತು ವರ್ಷದಿಂದ ಕೂತಿದ್ದರೂ ಹೊರಗಿನಿಂದ ತಿಳಿಯುವುದಿಲ್ಲ. ಕೇಪು ಇಲ್ಲ ಅಂದಮಾತ್ರಕ್ಕೆ ಖಾಲಿ ಅಂತ ಅಲ್ಲ. ಹೀಗೆ ಮಾಡಿ: ಗಜವನ್ನು, ಅಂದರೆ ಮದ್ದು ಒತ್ತುವ ಸಲಾಕೆಯನ್ನು, ಬಾಯಿಯಿಂದ ಒಳಗೆ ಬಿಟ್ಟು ತಳ ಮುಟ್ಟಿದಾಗ ಬಾಯಿಯ ಮಟ್ಟಕ್ಕೆ ಪೆನ್ಸಿಲ್ ಗೆರೆ ಹಾಕಿ. ಹೊರಗೆ ತೆಗೆದು ನಳಿಗೆಯ ಪಕ್ಕದಲ್ಲಿ, ಗೆರೆಯನ್ನು ಬಾಯಿಗೆ ಹೊಂದಿಸಿ ಹಿಡಿಯಿರಿ. ಗಜದ ತುದಿ ಕೇಪು ಕೂರಿಸುವ ಮೊಲೆಯ ಹತ್ತಿರದವರೆಗೆ ಬಂದರೆ ಖಾಲಿ. ಐದಾರು ಸೆಂಟಿಮೀಟರ್ ಮುಂಚೆಯೇ ನಿಂತರೆ ಒಳಗೆ ಏನೋ ಇದೆ. ಆಗ ಗಜಕ್ಕೆ ಸ್ಕ್ರೂ ಕಟ್ಟಿ ಕೆದಕಲು ಹೋಗಬೇಡಿ. ಬಾಯಿಯನ್ನು ಯಾರ ಕಡೆಗೂ ತಿರುಗಿಸದೆ ಇಟ್ಟು, ಪರವಾನಗಿ ಇರುವ ಕೋವಿ ರಿಪೇರಿಯವರಿಗೆ ಒಪ್ಪಿಸಿ.

ಬೇಕಾದ ಸಾಮಾನು ಕಡಿಮೆ. ಮರದ ಅಥವಾ ಹಿತ್ತಾಳೆಯ ಸಲಾಕೆ, ಬೋರಿಗೆ (ನಳಿಗೆಯ ಒಳಗಿನ ಅಗಲಕ್ಕೆ) ಸರಿಯಾದ ಕಂಚಿನ ಬ್ರಷ್, ಉಣ್ಣೆಯ ಕುಚ್ಚು, ಹಳೆಯ ಹತ್ತಿ ಪಂಚೆ ಹರಿದ ಚೌಕ ತುಂಡುಗಳು, ಮದ್ದಿನ ಕಿಟ್ಟ ಕರಗಿಸುವ ದ್ರಾವಣ, ಕೋವಿ ಎಣ್ಣೆ. ಪಂಚೆ ಹಳೆಯದಾದಷ್ಟೂ ಒಳ್ಳೆಯದು, ನೂಲು ಬಿಡುವುದಿಲ್ಲ. ದ್ರಾವಣ ನೆನೆಸಿದ ತುಂಡನ್ನು ಎರಡು ಸಲ ಎಳೆದು ಹತ್ತು ಹದಿನೈದು ನಿಮಿಷ ಬಿಡಿ. ಈ ಹತ್ತು ನಿಮಿಷವನ್ನೇ ಎಲ್ಲರೂ ಉಳಿಸಲು ನೋಡುವುದು. ಕಿಟ್ಟ ನೆನೆಯದೆ ಬ್ರಷ್ ಹಾಕಿದರೆ ಬ್ರಷ್ ಸವೆಯುತ್ತದೆ, ಕಿಟ್ಟ ಹಾಗೇ ಇರುತ್ತದೆ. ಆಮೇಲೆ ಬ್ರಷ್ಷನ್ನು ಹತ್ತು ಸಲ, ಪ್ರತಿ ಸಲವೂ ಆಚೆ ಕಡೆ ಪೂರ್ತಿ ಹೊರಗೆ ಬರುವಂತೆ ತಳ್ಳಿ. ನಳಿಗೆಯ ನಡುವೆ ದಿಕ್ಕು ಬದಲಿಸಿದರೆ ಎಳೆಗಳು ಮುರಿಯುತ್ತವೆ. ಬಿಳಿ ತುಂಡು ಬಿಳಿಯಾಗಿಯೇ ಹೊರಬರುವವರೆಗೆ ಎಳೆದು ಕೊನೆಗೆ ಎಣ್ಣೆ ತುಂಡು ಒಂದೇ ಸಲ. ಇದನ್ನೆಲ್ಲ ತೋಟಾ ಕೂರುವ ಕಡೆಯಿಂದ ಬಾಯಿಯ ಕಡೆಗೆ ಮಾಡಿ. ರೈಫಲ್‌ನಲ್ಲಿ ಇದು ಇನ್ನೂ ಮುಖ್ಯ. ಗುಂಡು ಕೊನೆಯದಾಗಿ ಬಿಟ್ಟು ಹೋಗುವ ಅಂಚನ್ನು ಸಲಾಕೆ ಒಂದೇ ಕಡೆ ಉಜ್ಜಿದರೆ ಮುಂದೆ ಗುರಿ ನೋಡುವ ಸೈಟನ್ನು ಎಷ್ಟು ತಿರುಗಿಸಿದರೂ ಗುಂಡುಗಳು ಒಂದೆಡೆ ಕೂಡುವುದಿಲ್ಲ.

ಕರಿಮದ್ದಿನ ಲೆಕ್ಕ ಬೇರೆ. ಅದು ಉರಿದ ಮೇಲೆ ಉಳಿಯುವುದು ಪೊಟ್ಯಾಸಿಯಂ ಲವಣಗಳು. ಅವು ಗಾಳಿಯ ನೀರನ್ನು ತಾವಾಗಿಯೇ ಎಳೆದುಕೊಳ್ಳುತ್ತವೆ. ಈ ಲವಣ ಎಣ್ಣೆಯಲ್ಲಿ ಕರಗುವುದಿಲ್ಲ. ಎಣ್ಣೆ ಹಾಕಿದರೆ ಉಪ್ಪಿನ ಮೇಲೆ ಮುಚ್ಚಳ ಹಾಕಿದ ಹಾಗೆ, ಅಡಿಯಲ್ಲಿ ಕೆಲಸ ನಡೆಯುತ್ತಲೇ ಇರುತ್ತದೆ. ಆದ್ದರಿಂದ ಕೇಪಿನ ಕೋವಿಗೆ ನೀರೇ ಮದ್ದು, ಅದೂ ಕುದಿಯುವ ನೀರು. ನಳಿಗೆ ಕಳಚಿ, ಮೊಲೆ ಬಿಚ್ಚಿ, ಒಂದೆರಡು ಲೀಟರ್ ಬಿಸಿ ನೀರನ್ನು ಒಳಗೆ ಹಾಯಿಸಿ. ಮೊದಲ ಸಲ ಒಂದು ಹನಿ ಸೋಪು, ಆಮೇಲೆ ಬರೀ ನೀರು. ನಳಿಗೆ ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿಯಾಗಬೇಕು, ಆ ಕಾವೇ ಅದನ್ನು ಒಣಗಿಸುತ್ತದೆ. ತಣ್ಣೀರಿನಲ್ಲಿ ತೊಳೆದರೆ ಒಣಗುವ ಮೊದಲೇ ತುಕ್ಕು ಹತ್ತುತ್ತದೆ. ಬೆಚ್ಚಗಿರುವಾಗಲೇ ಎಣ್ಣೆ ಸವರಿ. ಹಳೆಯ ರೈಫಲ್ ತೋಟಾಗಳ ಕೇಪಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಅದರಿಂದ ಉಳಿಯುವುದೂ ಅಡುಗೆ ಉಪ್ಪಿನ ಅಣ್ಣತಮ್ಮನಂಥ ಲವಣ. ಯಾವ ಕಾಲದ್ದೆಂದು ತಿಳಿಯದ ತೋಟಾ ಹೊಡೆದಿದ್ದರೆ ಅದಕ್ಕೂ ಬಿಸಿ ನೀರಿನ ಉಪಚಾರವೇ.

ಎಣ್ಣೆ ಯಾವುದು ಅಂತ ಪ್ರತಿ ಸಲ ಯಾರಾದರೂ ಕೇಳುತ್ತಾರೆ. ತೆಂಗಿನೆಣ್ಣೆ ಬೇಡ. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುತ್ತದೆ, ಮಡಿಕೇರಿಯ ಬೆಳಗ್ಗೆ ಡಬ್ಬಿಯಲ್ಲಿ ನೋಡಿದ್ದೀರಿ. ಈಡು ಹಾರಿಸುವ ಲಾಕಿನೊಳಗೆ ಹಾಗೆ ಗಟ್ಟಿಯಾದರೆ ಸ್ಪ್ರಿಂಗು ಸೋಮಾರಿಯಾಗುತ್ತದೆ, ಫೈರಿಂಗ್ ಪಿನ್ ಕೇಪಿಗೆ ಸರಿಯಾಗಿ ಬಡಿಯುವುದಿಲ್ಲ. ಅದು ಕನರಿದಾಗ ಹುಟ್ಟುವ ಆಮ್ಲ ಕಬ್ಬಿಣಕ್ಕೆ ಒಳ್ಳೆಯದಲ್ಲ. ಹರಳೆಣ್ಣೆಯೂ ಕಾಲ ಕಳೆದಂತೆ ಅಂಟಾಗುತ್ತದೆ. ಹೊಲಿಗೆ ಮೆಷಿನ್ ಎಣ್ಣೆ ಖನಿಜ ತೈಲವಾದ್ದರಿಂದ ಪರವಾಗಿಲ್ಲ, ಆದರೆ ತೆಳು. ಎರಡು ವಾರಕ್ಕೊಮ್ಮೆ ಮತ್ತೆ ಸವರಬೇಕು. ಮೂರು ತಿಂಗಳು ಮುಟ್ಟುವುದಿಲ್ಲ ಅಂತಾದರೆ ತುಕ್ಕು ತಡೆಯುವ ಗ್ರೀಸನ್ನೇ ತೆಳುವಾಗಿ ಹಚ್ಚಿ. ಎಷ್ಟು ತೆಳು? ಬೆರಳಿಟ್ಟರೆ ಗುರುತು ಮೂಡಬೇಕು, ಇಳಿದು ಹರಿಯಬಾರದು.

ಹರಿದ ಎಣ್ಣೆ ಎಲ್ಲಿಗೆ ಹೋಗುತ್ತದೆ ಅನ್ನುವುದು ದೊಡ್ಡ ವಿಷಯ. ಕೋವಿಯನ್ನು ಬಾಯಿ ಮೇಲೆ ಮಾಡಿ ನಿಲ್ಲಿಸುತ್ತೇವೆ. ಎಣ್ಣೆ ನಿಧಾನವಾಗಿ ಕೆಳಗಿಳಿದು, ಲಾಕು ಕೂರುವ ಮರದ ತಲೆಯೊಳಗೆ ಇಂಗುತ್ತದೆ. ವಾಲ್ನಟ್ ಮರ ಎಣ್ಣೆ ಕುಡಿದು ಕಪ್ಪಾಗುತ್ತದೆ, ಮೆತ್ತಗಾಗುತ್ತದೆ. ಒಂದು ದಿನ ಈಡು ಹೊಡೆದಾಗ ಲಾಕಿನ ಹಿಂದೆ ಸೀಳುತ್ತದೆ. ಸೀಳಿದ ಮರಕ್ಕೆ ಯಾವ ಅಂಟೂ ಹಿಡಿಯುವುದಿಲ್ಲ, ಎಣ್ಣೆ ಇರುವುದರಿಂದ. ಎಣ್ಣೆ ಹಾಕಿದ ಮೊದಲ ಎರಡು ದಿನ ಕೋವಿಯನ್ನು ಬಾಯಿ ಕೆಳಗೆ ಮಾಡಿ, ಮಡಚಿದ ಬಟ್ಟೆಯ ಮೇಲೆ ನಿಲ್ಲಿಸಿದರೆ ಇಷ್ಟೆಲ್ಲ ತಪ್ಪುತ್ತದೆ. ಮರದ ಹೊರಮೈಗೆ ಬೇಕಾದದ್ದು ಅಗಸೆ ಎಣ್ಣೆ. ಮೂರು ನಾಲ್ಕು ಹನಿ ಅಂಗೈಗೆ ಹಾಕಿಕೊಂಡು, ಅಂಗೈ ಬಿಸಿಯಾಗುವವರೆಗೆ ಮರಕ್ಕೆ ಉಜ್ಜಿ, ಒಂದು ದಿನ ಒಣಗಲು ಬಿಡಿ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ಒಣಗುವಾಗ ಶಾಖ ಹುಟ್ಟುತ್ತದೆ, ಮುದ್ದೆಯಾಗಿದ್ದರೆ ತಾನಾಗಿ ಹೊತ್ತಿಕೊಳ್ಳಬಹುದು. ಹಗ್ಗದ ಮೇಲೆ ಹರವಿ ಒಣಗಿಸಿ.

ತುಕ್ಕು ಈಗಾಗಲೇ ಹತ್ತಿದ್ದರೆ? ಮೊದಲು ಬೇಡದ್ದನ್ನು ಹೇಳುತ್ತೇನೆ. ಹುಣಸೆಹಣ್ಣು, ನಿಂಬೆಹಣ್ಣು, ಬೂದಿ, ಮರಳು ಕಾಗದ, ಯಾವುದೂ ಬೇಡ. ದೀಪದ ಕಂಬ ಬೆಳಗುವ ಉತ್ಸಾಹದಲ್ಲಿ ಕೋವಿಯನ್ನೂ ಹುಣಸೆಹಣ್ಣಿನಲ್ಲಿ ಬೆಳಗಿದವರಿದ್ದಾರೆ. ನಳಿಗೆಯ ಕಪ್ಪು ಬಣ್ಣವೂ ಒಂದು ಬಗೆಯ ಹಿಡಿತದಲ್ಲಿಟ್ಟ ತುಕ್ಕೇ. ಹುಳಿ ಅದನ್ನು ಕೆಂಪು ತುಕ್ಕಿನ ಜೊತೆಗೇ ತಿಂದುಬಿಡುತ್ತದೆ. ಸೀಮೆಎಣ್ಣೆಯಲ್ಲಿ ನೆನೆಸಿದ ಬಟ್ಟೆಯನ್ನು ಆ ಜಾಗಕ್ಕೆ ಸುತ್ತಿ ಒಂದು ದಿನ ಇಡಿ. ಆಮೇಲೆ ತಾಮ್ರ ಅಥವಾ ಹಿತ್ತಾಳೆಯ ಹಳೆಯ ಬಿಲ್ಲೆಯ ಅಂಚಿನಿಂದ ಮೆಲ್ಲಗೆ ಹೆರೆಯಿರಿ. ಹಿತ್ತಾಳೆ ಉಕ್ಕಿಗಿಂತ ಮೆದು, ತುಕ್ಕು ಏಳುತ್ತದೆ, ನಳಿಗೆಗೆ ಗೀರು ಬೀಳುವುದಿಲ್ಲ. ನಂಬರು, ಮುದ್ರೆ ಇರುವ ಕಡೆ ಬಿಲ್ಲೆಯನ್ನೂ ತಾಗಿಸಬೇಡಿ. ಕಾಗದದಲ್ಲಿರುವ ನಂಬರು ಕೋವಿಯ ಮೇಲೆ ಓದಲು ಬರದಿದ್ದರೆ ಕಷ್ಟ ನಿಮಗೇ.

ಕಾಗದದ ಮಾತು ಬಂದದ್ದರಿಂದ ಇಷ್ಟು ಹೇಳಿಬಿಡುತ್ತೇನೆ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಕೊಡವರಿಗೂ ಜಮ್ಮಾ (ವಂಶಪಾರಂಪರ್ಯದ) ಭೂಮಿಯ ಹಿಡುವಳಿದಾರರಿಗೂ ಪರವಾನಗಿಯಿಂದ ಸಿಕ್ಕಿರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿದೆ. 2021ರಲ್ಲಿ ಕರ್ನಾಟಕ ಹೈಕೋರ್ಟ್ ಕೂಡ ಅದನ್ನು ಎತ್ತಿಹಿಡಿಯಿತು. ಪರವಾನಗಿ ಬೇಡ ಅಂದರೆ ಲೆಕ್ಕ ಬೇಡ ಅಂತ ಅರ್ಥವಲ್ಲ. ವಿನಾಯಿತಿ ಪತ್ರ, ಕೋವಿಯ ನಂಬರು, ಯಾರ ಹೆಸರಿನಲ್ಲಿದೆ, ಇವು ಮೂರೂ ಒಂದಕ್ಕೊಂದು ತಾಳೆಯಾಗಬೇಕು. ಹಿರಿಯರು ತೀರಿಕೊಂಡ ಮನೆಗಳಲ್ಲಿ ಇದನ್ನು ಮುಂದೂಡುತ್ತಾರೆ, ಮುಂದೂಡಬೇಡಿ.

ಇಡುವ ಜಾಗಕ್ಕೆ ಬರೋಣ. ಚರ್ಮದ ಚೀಲ ಸಾಗಿಸಲಿಕ್ಕೆ ಮಾತ್ರ. ಚರ್ಮದಲ್ಲಿ ಹದ ಮಾಡಿದ ಲವಣ, ಆಮ್ಲ ಉಳಿದಿರುತ್ತವೆ, ತೇವವನ್ನೂ ಹಿಡಿದಿಡುತ್ತದೆ. ಸ್ಪಂಜು ತುಂಬಿದ ಹೊಸ ಪೆಟ್ಟಿಗೆಯೂ ಹಾಗೇ. ಬೀಗ ಹಾಕುವ ಕಬ್ಬಿಣದ ಕಪಾಟು, ಹೊರಗೋಡೆಗೆ ಆನಿಸದೆ ಇಟ್ಟದ್ದು, ಒಳಗೆ ಅರ್ಧ ಕಿಲೋ ಸಿಲಿಕಾ ಜೆಲ್ ಬಟ್ಟೆಯ ಚೀಲದಲ್ಲಿ. ನೀಲಿ ಹರಳು ಗುಲಾಬಿಯಾದರೆ ಅದರ ಹೊಟ್ಟೆ ತುಂಬಿತು ಅಂತ. 120 ಡಿಗ್ರಿಯಲ್ಲಿ ಎರಡು ಮೂರು ಗಂಟೆ ಕಾಯಿಸಿದರೆ ಮತ್ತೆ ನೀಲಿಯಾಗುತ್ತದೆ. ಆ ನೀಲಿ ಕೋಬಾಲ್ಟಿನದು, ಅಡುಗೆ ಪಾತ್ರೆಯಲ್ಲಿ ಕಾಯಿಸಬೇಡಿ. ಹಳಬರು ಕಪಾಟಿನ ತಳದಲ್ಲಿ ಸಣ್ಣ ತಂತಿ ಬಲ್ಬು ಉರಿಸುತ್ತಿದ್ದರು, ಅದೂ ಒಳ್ಳೆಯ ಉಪಾಯ. ಎಲ್‌ಇಡಿ ಹಾಕಿದರೆ ಉಪಯೋಗವಿಲ್ಲ, ಬೇಕಾದದ್ದು ಬೆಳಕಲ್ಲ, ಕಾವು. ಅಂಥ ಕಪಾಟಿನಲ್ಲಿ ತೋಟಾ ಇಡಬಾರದು. ತೋಟಾಗಳಿಗೆ ಬೇರೆ ಬೀಗ, ಗಾಳಿಯಾಡದ ತಗಡಿನ ಡಬ್ಬಿ.

ನಳಿಗೆಯ ಬಾಯಿಗೆ ಬಟ್ಟೆ ತುರುಕುವ ಅಭ್ಯಾಸ ನಮ್ಮಲ್ಲಿದೆ, ಕುಂಬಾರ ಹುಳ ಒಳಗೆ ಹೋಗದಿರಲಿ ಅಂತ. ಹುಳದ ಹೆದರಿಕೆ ನಿಜ. ನಳಿಗೆಯಂಥ ತೂತು ಸಿಕ್ಕರೆ ಅದು ಮಣ್ಣು ತಂದು ಗೂಡು ಮೆತ್ತುತ್ತದೆ, ಆ ಮಣ್ಣಿನ ಬೆಣೆಯ ಹಿಂದೆ ಈಡು ಹೊಡೆದರೆ ನಳಿಗೆ ಸಿಡಿಯುತ್ತದೆ. ಆದರೆ ತುರುಕಿದ ಬಟ್ಟೆ ತೇವ ಹೀರಿ, ತಾನು ಕೂತ ಜಾಗದಲ್ಲಿ ಬಳೆಯ ಹಾಗೆ ತುಕ್ಕು ಎಬ್ಬಿಸುತ್ತದೆ. ಬಾಯಿಗೆ ಸೊಳ್ಳೆಪರದೆಯ ತುಂಡು ಮುಚ್ಚಿ ರಬ್ಬರ್ ಬ್ಯಾಂಡ್ ಹಾಕಿ. ಹುಳವೂ ಹೋಗುವುದಿಲ್ಲ, ಗಾಳಿಯೂ ನಿಲ್ಲುವುದಿಲ್ಲ.

ತೋಟಾ ವಿಷಯದಲ್ಲಿ ಮನೆತನದ ಕೋವಿ ಇರುವವರೆಲ್ಲ ತಿಳಿದಿರಬೇಕಾದ ಒಂದು ಅಳತೆ ಇದೆ. ಹಳೆಯ ಇಂಗ್ಲಿಷ್ 12 ಬೋರ್ ಕೋವಿಗಳು ಬಹಳಷ್ಟು 65 ಮಿಲಿಮೀಟರ್ ತೋಟಾಕ್ಕೆ ಮಾಡಿದವು. ಈಗ ಸಿಗುವ ಬಹುಪಾಲು ತೋಟಾ 70 ಮಿಲಿಮೀಟರ್. ಈ ಅಳತೆ ಹೊಡೆದ ಮೇಲೆ ಬಾಯಿ ಬಿಚ್ಚಿದ ತೋಟಾದ್ದು. ಹೊಡೆಯುವ ಮೊದಲು ಬಾಯಿ ಮಡಚಿರುವುದರಿಂದ 70ರ ತೋಟಾ 65ರ ಕೋಣೆಯಲ್ಲಿ ಸಲೀಸಾಗಿ ಕೂರುತ್ತದೆ, ಕೋವಿ ಮುಚ್ಚಿಕೊಳ್ಳುತ್ತದೆ. ಈಡು ಹೊಡೆದಾಗ ಬಾಯಿ ಬಿಚ್ಚಲು ಜಾಗ ಸಾಲದೆ ನಳಿಗೆ ಕಿರಿದಾಗುವ ಕಡೆಗೇ ಚಾಚುತ್ತದೆ, ಒತ್ತಡ ಏರುತ್ತದೆ. ತೋಟಾ ಕೂತಿತು ಅಂದರೆ ಸರಿ ಅಂತಲ್ಲ. ನಳಿಗೆ ಕಳಚಿ ಅಡಿಯ ಚಪ್ಪಟೆ ಭಾಗ ನೋಡಿ, ಅಲ್ಲಿ ಎರಡೂವರೆ ಇಂಚು ಎಂದೋ 65 ಎಂದೋ 70 ಎಂದೋ ಮುದ್ರೆ ಇರುತ್ತದೆ. ಈಗಿನ ಹೊಗೆರಹಿತ ಮದ್ದಿಗೆ ಪರೀಕ್ಷಿಸಿದ ಗುರುತು, ನೈಟ್ರೋ ಪ್ರೂಫ್ ಮುದ್ರೆ, ಇದೆಯೇ ಅಂತಲೂ ಅಲ್ಲೇ ನೋಡಿ. ನಳಿಗೆಯ ಮೈಮೇಲೆ ರೇಷ್ಮೆಯ ಮೇಲಿನ ಅಲೆಯಂಥ ವಿನ್ಯಾಸ ಇದ್ದರೆ ಅದು ಡಮಾಸ್ಕಸ್, ಕಬ್ಬಿಣದ ಪಟ್ಟಿ ಸುತ್ತಿ ಬೆಸೆದದ್ದು. ಆ ಬೆಸುಗೆಯೊಳಗಿನ ತುಕ್ಕು ಕಣ್ಣಿಗೆ ಕಾಣುವುದಿಲ್ಲ. ಅಂಥ ಕೋವಿಯನ್ನು ಪೂಜೆಗೆ ಇಡಿ, ನೋಡಿ ಸಂತೋಷಪಡಿ, ಈಗಿನ ತೋಟಾ ಹಾಕಬೇಡಿ.

ಇನ್ನು ತೆಂಗಿನಕಾಯಿ. ಸಿಪ್ಪೆ ಸುಲಿದ ಕಾಯಿ ಸುಮಾರು 11 ಸೆಂಟಿಮೀಟರ್ ಅಗಲ. ರೈಫಲ್‌ನ ಎರಡು ಸೈಟುಗಳ ನಡುವೆ ಅರ್ಧ ಮೀಟರ್ ಅಂತರ ಇದೆ, ಕಾಯಿ 30 ಮೀಟರ್ ದೂರದಲ್ಲಿದೆ ಅಂತಿಟ್ಟುಕೊಳ್ಳಿ. ಮುಂದಿನ ಸೈಟು ಒಂದೇ ಒಂದು ಮಿಲಿಮೀಟರ್ ಪಕ್ಕಕ್ಕೆ ಸರಿದರೆ ಗುಂಡು 6 ಸೆಂಟಿಮೀಟರ್ ಸರಿಯುತ್ತದೆ. ಅಂದರೆ ಕಾಯಿಯ ನಡುವಿಗೆ ಹಿಡಿದ ಗುಂಡು ಕಾಯಿಯ ಪಕ್ಕದ ಗಾಳಿಯಲ್ಲಿ ಹೋಗುತ್ತದೆ. ಅದಕ್ಕೇ ಕಣ್ಣು ಕಾಯಿಯ ಮೇಲಲ್ಲ, ಮುಂದಿನ ಸೈಟಿನ ಮೇಲೆ ನೆಡಬೇಕು. ಕಾಯಿ ಸ್ವಲ್ಪ ಮಸುಕಾಗಿ ಕಂಡರೆ ಸರಿಯಾಗಿ ನೋಡುತ್ತಿದ್ದೀರಿ ಅಂತ. ಉಸಿರು ಅರ್ಧ ಬಿಟ್ಟು ನಿಲ್ಲಿಸಿ, ಏಳೆಂಟು ಸೆಕೆಂಡಿನೊಳಗೆ ಈಡು ಹೋಗದಿದ್ದರೆ ಕೋವಿ ಇಳಿಸಿ ಮತ್ತೆ ಹಿಡಿಯಿರಿ. ಜನ ನೋಡುತ್ತಿದ್ದಾರೆ ಅಂತ ಎಳೆದುಬಿಟ್ಟ ಈಡೇ ತಪ್ಪುವುದು.

12 ಬೋರಿನಲ್ಲಿ ಹೊಡೆದೂ ಕಾಯಿ ಯಾಕೆ ಉಳಿಯುತ್ತದೆ ಅನ್ನುವುದಕ್ಕೂ ಲೆಕ್ಕ ಇದೆ. 32 ಗ್ರಾಂ ತೋಟಾದಲ್ಲಿ 6ನೇ ನಂಬರ್ ಚೆರೆ ಸುಮಾರು 300. ಚೋಕ್ (ಬಾಯಿಯ ಹತ್ತಿರ ನಳಿಗೆ ಕಿರಿದಾಗುವುದು) ಇಲ್ಲದ ನಳಿಗೆ 36 ಮೀಟರಿನಲ್ಲಿ ಅದರಲ್ಲಿ ನೂರಕ್ಕೆ 40ರಷ್ಟನ್ನು ಮಾತ್ರ 76 ಸೆಂಟಿಮೀಟರ್ ವೃತ್ತದೊಳಗೆ ಹಾಕುತ್ತದೆ, ಫುಲ್ ಚೋಕ್ 70ರಷ್ಟನ್ನು. ಕಾಯಿಯ ಪಾಲಿಗೆ ಬರುವುದು ಮೊದಲನೆಯದರಲ್ಲಿ ಎರಡೋ ಮೂರೋ ಚೆರೆ, ಎರಡನೆಯದರಲ್ಲಿ ನಾಲ್ಕೈದು. ನಿಮ್ಮ ಯಾವ ನಳಿಗೆ ಹೇಗೆ ಹರಡುತ್ತದೆ ಅಂತ ಸ್ಪರ್ಧೆಗೆ ಮೊದಲೇ ದೊಡ್ಡ ಕಾಗದಕ್ಕೆ ಹೊಡೆದು, ತೂತು ಎಣಿಸಿ, ಪುಸ್ತಕದಲ್ಲಿ ಬರೆದಿಡಿ.

ಕಾಯಿ ಮರದ ತುದಿಗೆ ಕಟ್ಟಿದ್ದರೆ ಗುಂಡು ಆಕಾಶದ ಕಡೆಗೆ ಹೋಗುತ್ತದೆ. ಪಾಯಿಂಟ್ 22ರ ಸಣ್ಣ ಗುಂಡು ಒಂದೂವರೆ ಕಿಲೋಮೀಟರ್ ಹೋಗಬಲ್ಲದು. ಚೆರೆಗೆ ಒಂದು ಸುಲಭ ಲೆಕ್ಕ: ಚೆರೆಯ ಅಗಲವನ್ನು ಮಿಲಿಮೀಟರಿನಲ್ಲಿ ಅಳೆದು 80ರಿಂದ ಗುಣಿಸಿದರೆ ಅದು ಹೋಗಬಲ್ಲ ದೂರ ಮೀಟರಿನಲ್ಲಿ ಸಿಗುತ್ತದೆ. 6ನೇ ನಂಬರಿನದು 2.6 ಮಿಲಿಮೀಟರ್, 200 ಮೀಟರ್ ದಾಟುತ್ತದೆ. ದೊಡ್ಡ ಚೆರೆ ಎಸ್‌ಜಿ 8.4 ಮಿಲಿಮೀಟರ್, 670 ಮೀಟರ್. ನಮ್ಮಲ್ಲಿ ತೋಟದೊಳಗೆ ಕೆಲಸದವರು ಎಲ್ಲಿರುತ್ತಾರೆ ಅಂತ ಹೇಳಲಾಗುವುದಿಲ್ಲ. ಹಾಗಾಗಿ ಕಾಯಿಯನ್ನು ಮಣ್ಣಿನ ಬರೆಯ (ದಿಬ್ಬದ) ಮುಂದೆ, ಬರೆಯ ತಲೆಗಿಂತ ಬಹಳ ಕೆಳಗೆ ಕಟ್ಟಿ.

ಮೈದಾನದಲ್ಲಿ ಸದ್ದು ಕೇಳಿ. ಟ್ರಿಗರ್ ಎಳೆದರೂ ಈಡು ಹೋಗದಿದ್ದರೆ ಬಾಯಿಯನ್ನು ಗುರಿಯ ಕಡೆಗೇ ಹಿಡಿದು 30 ಸೆಕೆಂಡ್ ಕಾಯಿರಿ, ಕೇಪಿನ ಕೋವಿಯಾದರೆ ಎರಡು ನಿಮಿಷ. ತೇವ ಹಿಡಿದ ಮದ್ದು ತಡವಾಗಿ ಹೊತ್ತಬಹುದು. ಢಂ ಅನ್ನುವ ಬದಲು ಪುಸ್ ಅಂದರೆ ಅಲ್ಲಿಗೇ ನಿಲ್ಲಿಸಿ, ಬಿಚ್ಚಿ, ನಳಿಗೆಯೊಳಗೆ ಬೆಳಕು ಕಾಣುತ್ತದೆಯೇ ನೋಡಿ. ಮದ್ದಿಗೂ ಚೆರೆಗೂ ನಡುವೆ ಇರುವ ಬಿರಡೆ, ಅಂದರೆ ವಾಡ್, ನಳಿಗೆಯ ನಡುವೆ ಸಿಕ್ಕಿಕೊಂಡಿರಬಹುದು. ಒಂದೇ ಜೇಬಿನಲ್ಲಿ 12 ಬೋರ್ ಮತ್ತು 20 ಬೋರ್ ತೋಟಾ ಇಟ್ಟುಕೊಳ್ಳಬೇಡಿ. 20ರದು 12ರದಕ್ಕಿಂತ ಸಣ್ಣದು, 12ರ ನಳಿಗೆಯೊಳಗೆ ಜಾರಿ ಮುಂದೆ ಹೋಗಿ ಸಿಕ್ಕಿಕೊಳ್ಳುತ್ತದೆ. ಖಾಲಿ ಅಂದುಕೊಂಡು ಹಿಂದಿನಿಂದ 12ರದನ್ನು ಹಾಕಿ ಹೊಡೆದರೆ ಎಡಗೈ ಉಳಿಯುವುದಿಲ್ಲ. 20 ಬೋರ್ ತೋಟಾಗಳನ್ನು ಹಳದಿ ಬಣ್ಣದಲ್ಲಿ ಮಾಡುವುದು ಇದಕ್ಕೇ.

ಸ್ಪರ್ಧೆ ಮುಗಿಸಿ ಮಳೆಯಲ್ಲಿ ನೆನೆದು ಬಂದ ಕೋವಿಯನ್ನು ನೇರ ಕಪಾಟಿಗೆ ಹಾಕಬೇಡಿ. ಕಳಚಿ, ಒರೆಸಿ, ಒಂದು ಗಂಟೆ ಗಾಳಿಗೆ ಬಿಟ್ಟು, ಆಮೇಲೆ ಮೊದಲು ಹೇಳಿದಂತೆ ಶುಚಿ ಮಾಡಿ. ಮರುದಿನ ಅದೇ ಹೊತ್ತಿಗೆ ಇನ್ನೊಂದು ಬಿಳಿ ತುಂಡು ಎಳೆಯಿರಿ. ಅದಕ್ಕೆ ಚೂರು ಕಂದು ಬಣ್ಣ ಹತ್ತಿದರೂ ನಿನ್ನೆಯ ಕೆಲಸ ಮುಗಿದಿಲ್ಲ, ದ್ರಾವಣದಿಂದ ಮತ್ತೆ ಶುರು ಮಾಡಿ. ಮುಂದಿನ ಸಲ ಈಡು ಹೊಡೆಯುವ ಮೊದಲು ಒಣ ತುಂಡು ಎಳೆದು ಒಳಗಿನ ಎಣ್ಣೆಯನ್ನೆಲ್ಲ ತೆಗೆಯುವುದನ್ನೂ ಮರೆಯಬೇಡಿ.